ಮಣಿಕಟ್ಟಿನ ಮೇಲೆ ಮೂರು ಬೆರಳು

ರಾಜಾಜಿನಗರದ ರಸ್ತೆಗಳಲ್ಲಿ ಹಾಲಿನ ವ್ಯಾನುಗಳು ಓಡಾಡತೊಡಗುವ ಹೊತ್ತಿಗೆ ಆ ಸುತ್ತಿನ ಆಸ್ಪತ್ರೆಗಳ ವಾರ್ಡುಗಳಲ್ಲಿ ದೀಪಗಳು ಹೊತ್ತಿಕೊಳ್ಳುತ್ತವೆ. ರಾತ್ರಿ ಪಾಳಿಯ ದಾದಿ ಟ್ರೇ ಹಿಡಿದು ಮೊದಲನೆಯ ಹಾಸಿಗೆಯ ಬಳಿ ನಿಲ್ಲುತ್ತಾಳೆ. ಕಂಕುಳಲ್ಲಿ ಥರ್ಮಾಮೀಟರ್, ಮಣಿಕಟ್ಟಿನ ಮೇಲೆ ಮೂರು ಬೆರಳು, ತೋಳಿಗೆ ಗಾಳಿ ತುಂಬುವ ಪಟ್ಟಿ. ಅರೆನಿದ್ದೆಯಲ್ಲಿರುವ ರೋಗಿಯ ಪಕ್ಕದಿಂದ ಯಾರೋ ಎದ್ದು 'ಸಿಸ್ಟರ್, ಜ್ವರ ಎಷ್ಟಿದೆ?' ಎನ್ನುತ್ತಾರೆ. 'ನಾರ್ಮಲ್' ಎಂಬ ಒಂದೇ ಮಾತು ಹೇಳಿ, ಕಾಗದದ ಮೇಲೆ ನಾಲ್ಕು ಅಂಕಿ ಬರೆದು ಆಕೆ ಮುಂದಿನ ಹಾಸಿಗೆಗೆ ಹೋಗುತ್ತಾಳೆ.

ದೇಹದ ಉಷ್ಣತೆ, ನಾಡಿ, ಉಸಿರು, ರಕ್ತದೊತ್ತಡ. ಈ ನಾಲ್ಕಕ್ಕೆ ಶುಶ್ರೂಷಾ ಪಠ್ಯಗಳಲ್ಲಿ 'ಜೀವಲಕ್ಷಣಗಳು' ಎಂದು ಹೆಸರು. ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಬಿಳಿ ಕೋಟನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತಿರುವ ನರ್ಸಿಂಗ್ ವಿದ್ಯಾರ್ಥಿನಿಯರು ಮೊದಲ ವರ್ಷದಲ್ಲಿ ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು. ನೋಡಲು ಇಷ್ಟು ಸರಳವಾದ ಕೆಲಸದ ಹಿಂದೆ ಎರಡು ಸಾವಿರ ವರ್ಷಕ್ಕೂ ಮೀರಿದ ಕಥೆಯಿದೆ. ಆ ನಾಲ್ಕು ಅಂಕಿಗಳಲ್ಲಿ ಒಂದು ಮಾತ್ರ, ಜಗತ್ತಿನ ಬಹುತೇಕ ಆಸ್ಪತ್ರೆಗಳಲ್ಲಿ, ಅನೇಕ ಸಲ ಎಣಿಸದೆಯೇ ಬರೆದದ್ದಾಗಿರುತ್ತದೆ. ಅದು ಯಾವುದು ಎಂಬುದನ್ನು ಮುಂದೆ ನೋಡೋಣ.

ಗಡಿಯಾರಕ್ಕಿಂತ ಹಿಂದಿನ ನಾಡಿ

ನಾಡಿ ನೋಡುವುದು ನಮ್ಮಲ್ಲಿ ಹಳೆಯ ವಿದ್ಯೆ. 'ಜನರ ನಾಡಿಮಿಡಿತ ಬಲ್ಲ ನಾಯಕ' ಎಂಬ ಮಾತು ಪ್ರತಿ ಚುನಾವಣೆಯಲ್ಲೂ ಪತ್ರಿಕೆಗಳಲ್ಲಿ ಬರುವುದು ಆ ವಿದ್ಯೆಗೆ ಇದ್ದ ಗೌರವದಿಂದಲೇ. ಆಯುರ್ವೇದ ಗ್ರಂಥಗಳ ಪೈಕಿ ನಾಡಿಪರೀಕ್ಷೆಯನ್ನು ವಿವರವಾಗಿ ಹೇಳಿದ ಮೊದಲಿನವುಗಳಲ್ಲಿ 'ಶಾರ್ಙ್ಗಧರ ಸಂಹಿತೆ' ಮುಖ್ಯವಾದದ್ದು. ಅದರ ಕಾಲ 13-14ನೇ ಶತಮಾನ ಎಂದು ವಿದ್ವಾಂಸರು ಹೇಳುತ್ತಾರೆ. ವಾತ ಹೆಚ್ಚಾದಾಗ ನಾಡಿ ಹಾವಿನಂತೆ, ಜಿಗಣೆಯಂತೆ ಹರಿಯುತ್ತದೆ. ಪಿತ್ತದಲ್ಲಿ ಕಪ್ಪೆಯಂತೆ, ಕಾಗೆಯಂತೆ ಕುಪ್ಪಳಿಸುತ್ತದೆ. ಕಫದಲ್ಲಿ ಹಂಸದಂತೆ, ಪಾರಿವಾಳದಂತೆ ಸಾಗುತ್ತದೆ ಎಂಬುದು ಆ ಪರಂಪರೆಯ ವಿವರಣೆ. ಗಂಡಸರಿಗೆ ಬಲಗೈ, ಹೆಂಗಸರಿಗೆ ಎಡಗೈ. ಮೂರು ಬೆರಳು, ಮೂರು ದೋಷ.

ಇಲ್ಲಿ ಗಮನಿಸಬೇಕಾದದ್ದು, ಇದರಲ್ಲಿ ಎಣಿಕೆಗೆ ಪ್ರಾಧಾನ್ಯವಿಲ್ಲ. ವೈದ್ಯನ ಬೆರಳು ಕೇಳುತ್ತಿದ್ದುದು 'ಹೇಗೆ' ಎಂಬ ಪ್ರಶ್ನೆಯನ್ನು, 'ಎಷ್ಟು' ಎಂಬುದನ್ನಲ್ಲ. ಎಷ್ಟು ಎಂದು ಕೇಳಬೇಕಾದರೆ ಸಣ್ಣ ಕಾಲವನ್ನು ಅಳೆಯುವ ಸಾಧನ ಬೇಕು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಎಂಬ ವೈದ್ಯ ನೀರುಗಡಿಯಾರ ಇಟ್ಟುಕೊಂಡು ನಾಡಿ ಎಣಿಸಿದ್ದುಂಟು. ಆದರೆ ಅದು ರೂಢಿಗೆ ಬರಲಿಲ್ಲ. ಇಟಲಿಯ ಗೆಲಿಲಿಯೊ ಚರ್ಚಿನಲ್ಲಿ ತೂಗಾಡುತ್ತಿದ್ದ ದೀಪದ ಓಲಾಟವನ್ನು ತನ್ನ ನಾಡಿಯಿಂದಲೇ ಅಳೆದ ಎಂಬ ಕಥೆ ಪ್ರಸಿದ್ಧ. ಕಥೆ ನಿಜವೋ ಸುಳ್ಳೋ, ಆ ಕಾಲದಲ್ಲಿ ಗಡಿಯಾರಕ್ಕಿಂತ ನಾಡಿಯೇ ಹೆಚ್ಚು ನಂಬಿಕೆಯ ಅಳತೆಗೋಲಾಗಿತ್ತು ಎಂಬುದಂತೂ ನಿಜ. ಅವನ ಸಮಕಾಲೀನ ಸ್ಯಾಂಟೋರಿಯೊ ಈ ಲೆಕ್ಕವನ್ನು ತಿರುಗಿಸಿದ. ದಾರಕ್ಕೆ ಗುಂಡು ಕಟ್ಟಿ, ಅದರ ಓಲಾಟ ರೋಗಿಯ ನಾಡಿಗೆ ಹೊಂದುವವರೆಗೆ ದಾರವನ್ನು ಉದ್ದ ಅಥವಾ ಗಿಡ್ಡ ಮಾಡುತ್ತಿದ್ದ. ಕೊನೆಗೆ ನಾಡಿಯ ವೇಗವನ್ನು ಹೇಳುತ್ತಿದ್ದುದು ದಾರದ ಉದ್ದ! ನಿಮಿಷಕ್ಕೆ ಇಷ್ಟು ಎಂದು ಎಣಿಸುವ ಪದ್ಧತಿಯನ್ನು ಹಟ ಹಿಡಿದು ಪ್ರಚಾರ ಮಾಡಿದವನು ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್. ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಮಾಡಿಸಿ, 1707ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ.

ಸೆಕೆಂಡಿನ ಮುಳ್ಳಿಗೂ ದಾದಿಗೂ ಇರುವ ನಂಟು ಅಲ್ಲಿಂದ ಆರಂಭವಾಯಿತು ಎನ್ನಬಹುದು. ಬೆಂಗಳೂರಿಗೆ ಈ ನಂಟು ಪರಕೀಯವೇನಲ್ಲ. ರಾಜಾಜಿನಗರಕ್ಕೆ ಹೆಚ್ಚು ದೂರವಿಲ್ಲದ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ಮೊದಲ ಸಂಬಳದಲ್ಲಿ ಎಚ್‌ಎಂಟಿ ವಾಚು ಕೊಳ್ಳುವುದು ಒಂದು ತಲೆಮಾರಿನ ಸಂಪ್ರದಾಯವಾಗಿತ್ತು. ದಾದಿಗೆ ಅದು ಅಲಂಕಾರವಲ್ಲ, ಉಪಕರಣ. ಇಂದಿಗೂ ಶುಶ್ರೂಷೆಯ ವಿದ್ಯಾರ್ಥಿಗಳಿಗೆ ಸೆಕೆಂಡಿನ ಮುಳ್ಳಿರುವ ವಾಚು ಕಡ್ಡಾಯ.

ಎಣಿಸುವುದಕ್ಕೂ ಕ್ರಮವಿದೆ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನಲ್ಲಿ, ತೋರು ಬೆರಳು, ನಡು ಬೆರಳು ಮತ್ತು ಉಂಗುರ ಬೆರಳನ್ನು ಹಗುರವಾಗಿ ಇಡಬೇಕು. ಹೆಬ್ಬೆರಳು ಮಾತ್ರ ಕೂಡದು, ಏಕೆಂದರೆ ಅದರೊಳಗೇ ಬಲವಾದ ಮಿಡಿತವಿದೆ; ರೋಗಿಯ ನಾಡಿ ಎಂದುಕೊಂಡು ತನ್ನ ನಾಡಿಯನ್ನೇ ಎಣಿಸುವ ಅಪಾಯ. ಲಯ ಸಮವಾಗಿದ್ದರೆ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಬಹುದು. ಲಯ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ. ವಯಸ್ಕರಲ್ಲಿ 60ರಿಂದ 100ರವರೆಗೆ ಸಹಜ. ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿಯಾಗಿ ಅದುರುವ ಕಾಯಿಲೆಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ 110 ಬಡಿತ ಕೇಳಬಹುದು, ಮಣಿಕಟ್ಟಿನಲ್ಲಿ 90 ಮಾತ್ರ ಸಿಗಬಹುದು. ಕೆಲವು ಬಡಿತಗಳಿಗೆ ರಕ್ತವನ್ನು ಕೈವರೆಗೆ ತಳ್ಳುವ ಶಕ್ತಿಯೇ ಇರುವುದಿಲ್ಲ. ಆಗ ಇಬ್ಬರು ದಾದಿಯರು ಒಂದೇ ವಾಚು ನೋಡುತ್ತ, ಒಬ್ಬಳು ಎದೆಯಲ್ಲಿ, ಇನ್ನೊಬ್ಬಳು ಮಣಿಕಟ್ಟಿನಲ್ಲಿ ಏಕಕಾಲಕ್ಕೆ ಎಣಿಸಿ ವ್ಯತ್ಯಾಸವನ್ನು ಬರೆಯುತ್ತಾರೆ. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ಅಂಕಿ ಓದುವ ಈ ಕಾಲದಲ್ಲೂ ನಾಡಿ ಮುಟ್ಟಿಯೇ ನೋಡಬೇಕು ಎಂದು ಹಿರಿಯ ದಾದಿಯರು ಪಟ್ಟು ಹಿಡಿಯುವುದು ಸುಮ್ಮನೆ ಅಲ್ಲ. ನಾಡಿ ದುರ್ಬಲವೇ, ಲಯ ತಪ್ಪಿದೆಯೇ, ಕೈ ತಣ್ಣಗಿದೆಯೇ, ಬೆವರಿದೆಯೇ ಎಂಬುದನ್ನು ಕ್ಲಿಪ್ಪಿನ ಅಂಕಿ ಹೇಳುವುದಿಲ್ಲ.

ಒಳಜ್ವರವೂ 98.6 ಎಂಬ ಅಂಕಿಯೂ

ಹಣೆಯ ಮೇಲೆ ಅಂಗೈಯ ಹಿಂಬದಿ ಇಟ್ಟು 'ಮೈ ಸುಡುತ್ತಿದೆ' ಎನ್ನುವುದು ನಮ್ಮ ಮನೆಗಳ ಪರೀಕ್ಷೆ. ಥರ್ಮಾಮೀಟರಿನಲ್ಲಿ ಏನೂ ಕಾಣದೆ, ಮೈಕೈ ನೋವು, ಬಾಯಿ ಕಹಿ, ಸುಸ್ತು ಇದ್ದರೆ 'ಒಳಜ್ವರ' ಎನ್ನುತ್ತೇವೆ. ವೈದ್ಯಶಾಸ್ತ್ರದ ಪುಸ್ತಕದಲ್ಲಿ ಒಳಜ್ವರ ಎಂಬ ರೋಗವಿಲ್ಲ. ಹಾಗೆಂದು ಆ ಮಾತನ್ನು ದಾದಿ ತಳ್ಳಿಹಾಕುವಂತಿಲ್ಲ. ಜ್ವರ ಏರಿಳಿಯುತ್ತದೆ, ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು. ಹಗಲು ಹತ್ತು ಗಂಟೆಗೆ ಕ್ಷಯರೋಗಿಯ ಮೈ ತಣ್ಣಗಿದ್ದು, ಸಂಜೆ ಏರಬಹುದು. ಮನೆಯವರು ಹೇಳುವ ಒಳಜ್ವರ ಎಷ್ಟೋ ಸಲ ತಪ್ಪು ಹೊತ್ತಿನಲ್ಲಿ ಅಳೆದ ಜ್ವರ.

ಜ್ವರವೇ ಒಂದು ರೋಗ ಎಂದು ಯೂರೋಪಿನವರೂ ಬಹುಕಾಲ ತಿಳಿದಿದ್ದರು. ಅದು ರೋಗವಲ್ಲ, ರೋಗದ ಗುರುತು ಎಂದು ಅಂಕಿಗಳ ಬಲದಿಂದ ತೋರಿಸಿದವನು ಜರ್ಮನಿಯ ಲೈಪ್‌ಜಿಗ್‌ನ ಕಾರ್ಲ್ ವುಂಡರ್‌ಲಿಶ್. ಸುಮಾರು 25 ಸಾವಿರ ರೋಗಿಗಳ ಉಷ್ಣತೆಯನ್ನು ಹತ್ತು ಲಕ್ಷಕ್ಕೂ ಹೆಚ್ಚು ಸಲ ಅಳೆಸಿ 1868ರಲ್ಲಿ ಗ್ರಂಥ ಪ್ರಕಟಿಸಿದ. ಆಗಿನ ಥರ್ಮಾಮೀಟರ್ ಒಂದು ಅಡಿಯಷ್ಟು ಉದ್ದ; ಕಂಕುಳಲ್ಲಿ ಇಪ್ಪತ್ತು ನಿಮಿಷ ಹಿಡಿದಿರಬೇಕಿತ್ತು. ಹತ್ತು ಲಕ್ಷ ಸಲ ಅದನ್ನು ಹಿಡಿದು ಕೂತವರ ತಾಳ್ಮೆಯನ್ನು ಊಹಿಸಿಕೊಳ್ಳಬೇಕು. ಇಂಗ್ಲೆಂಡಿನ ಕ್ಲಿಫರ್ಡ್ ಆಲ್‌ಬಟ್ ಅದನ್ನು ಆರು ಇಂಚಿಗೆ, ಐದು ನಿಮಿಷಕ್ಕೆ ಇಳಿಸಿದ ಮೇಲೆಯೇ ಥರ್ಮಾಮೀಟರ್ ಜೇಬಿಗೆ ಬಂದದ್ದು, ಅನಂತರ ಕ್ರಮೇಣ ದಾದಿಯ ಕೈಗೆ ಬಂದದ್ದು.

ವುಂಡರ್‌ಲಿಶ್ ಹೇಳಿದ ಸಹಜ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್. ಅದನ್ನು ಫ್ಯಾರನ್‌ಹೀಟಿಗೆ ಪರಿವರ್ತಿಸಿದಾಗ 98.6 ಬಂತು. ದಶಾಂಶದ ಆ ಆರು ನೋಡಿ ಅದೊಂದು ಅತಿ ನಿಖರವಾದ ಸಂಖ್ಯೆ ಎಂದು ಜಗತ್ತೇ ನಂಬಿತು! ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಜನರ ಸರಾಸರಿ ಉಷ್ಣತೆ ಹತ್ತೊಂಬತ್ತನೇ ಶತಮಾನದಿಂದ ಈಚೆಗೆ, ಹುಟ್ಟಿದ ಪ್ರತಿ ದಶಕಕ್ಕೆ ಸುಮಾರು 0.03 ಡಿಗ್ರಿಯಂತೆ ಇಳಿಯುತ್ತ ಬಂದಿದೆ ಎಂದು ಕಂಡುಕೊಂಡಿದೆ. ಒಂದೇ ಅಂಕಿಗೆ ಅಂಟಿಕೊಳ್ಳದೆ ಏರಿಳಿತದ ಗೆರೆ ನೋಡಬೇಕು ಎಂಬುದು ವಾರ್ಡಿನ ಪಾಠ. ವಿಷಮಶೀತ ಜ್ವರದಲ್ಲಿ ಗೆರೆ ಮೆಟ್ಟಿಲಿನಂತೆ ದಿನದಿನಕ್ಕೆ ಏರುತ್ತದೆ, ಆದರೆ ಜ್ವರಕ್ಕೆ ತಕ್ಕಷ್ಟು ನಾಡಿ ಏರದೆ ಉಳಿಯುವುದುಂಟು. ಚಳಿಜ್ವರದಲ್ಲಿ, ಅಂದರೆ ಮಲೇರಿಯಾದಲ್ಲಿ, ದಿನ ಬಿಟ್ಟು ದಿನ ಗೋಪುರದಂತೆ ಎದ್ದು ಬೀಳುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ಮುಂದೆ ಸಾಬೀತುಪಡಿಸಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಸೇನಾ ವೈದ್ಯನಾಗಿದ್ದ. ನೀರು ನಿಲ್ಲುವುದನ್ನು ತಡೆದರೆ ಸೊಳ್ಳೆಯ ಕಾಟ ತಗ್ಗುತ್ತದೆ ಎಂಬುದನ್ನು ಆತ ಗಮನಿಸಿದ್ದು ಇಲ್ಲಿಯೇ.

ಪಾದರಸದ ಥರ್ಮಾಮೀಟರ್ ಒಡೆದಾಗ ನೆಲದ ಮೇಲೆ ಉರುಳುವ ಬೆಳ್ಳಿ ಮಣಿಗಳನ್ನು ಮಕ್ಕಳು ಬೆನ್ನಟ್ಟಿ ಆಡುತ್ತಿದ್ದ ದಿನಗಳನ್ನು ಹಲವು ಓದುಗರು ಮರೆತಿರಲಾರರು. ಆ ಆಟ ವಿಷದ ಜೊತೆಗಿನ ಆಟ ಎಂದು ಆಗ ಹೇಳಿದವರು ಕಡಿಮೆ. ನೆರೆಯ ತಮಿಳುನಾಡಿನ ಕೊಡೈಕೆನಾಲ್‌ನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆ ಪಾದರಸದ ಮಾಲಿನ್ಯದ ಕಾರಣದಿಂದ 2001ರಲ್ಲಿ ಮುಚ್ಚಿತು. ಪಾದರಸದ ಬಳಕೆಯನ್ನು ತಗ್ಗಿಸುವ ಮಿನಮಾಟಾ ಒಪ್ಪಂದ 2013ರಲ್ಲಿ ಆಯಿತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಝಾಡಿಸಿ ಇಳಿಸುವ ಆ ಗಾಜಿನ ಕಡ್ಡಿಯ ಜಾಗಕ್ಕೆ ಈಗ ಬಹುಮಟ್ಟಿಗೆ 'ಬೀಪ್' ಎನ್ನುವ ಪ್ಲಾಸ್ಟಿಕ್ ಕಡ್ಡಿ ಬಂದಿದೆ.

ಕುದುರೆಯಿಂದ ತೋಳುಪಟ್ಟಿಗೆ

'ಬಿ.ಪಿ. ಏರಿಸಬೇಡ' ಎಂದರೆ ಕನ್ನಡದಲ್ಲಿ ಈಗ 'ಸಿಟ್ಟು ಬರಿಸಬೇಡ' ಎಂದು ಅರ್ಥ. ನಾಲ್ಕು ಲಕ್ಷಣಗಳಲ್ಲಿ ಇದೇ ಕಿರಿಯದು. ಹಣೆ ಮುಟ್ಟಿ ಜ್ವರ ಹೇಳಬಹುದು, ಬೆರಳಿಟ್ಟು ನಾಡಿ ಹೇಳಬಹುದು, ಕಣ್ಣಿನಿಂದಲೇ ಉಸಿರು ಹೇಳಬಹುದು. ರಕ್ತದೊತ್ತಡವನ್ನು ಮಾತ್ರ ಯಂತ್ರವಿಲ್ಲದೆ ಹೇಳಲಾಗದು. ಅದನ್ನು ಮೊದಲು ಅಳೆದ ಕಥೆ ಕೇಳಲು ಹಿತವಾದದ್ದಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಹೆಣ್ಣು ಕುದುರೆಯನ್ನು ಕಟ್ಟಿ ಮಲಗಿಸಿ, ಅದರ ರಕ್ತನಾಳಕ್ಕೆ ಹಿತ್ತಾಳೆಯ ಕೊಳವೆ ಚುಚ್ಚಿ ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದ. ರಕ್ತ ಎಂಟು ಅಡಿಗೂ ಮೇಲೇರಿ ನಿಂತಿತು. 1733ರಲ್ಲಿ ಆತ ಇದನ್ನು ಪ್ರಕಟಿಸಿದ. ರೋಗಿಗಳಿಗೆ ಇದನ್ನು ಮಾಡುವಂತಿಲ್ಲವಲ್ಲ! ಹಾಗಾಗಿ ಇನ್ನೂ ಒಂದೂವರೆ ಶತಮಾನ ಕಾಯಬೇಕಾಯಿತು. 1896ರಲ್ಲಿ ಇಟಲಿಯ ರೀವಾ ರೋಚಿ ತೋಳಿಗೆ ಗಾಳಿಯ ಪಟ್ಟಿ ಸುತ್ತಿ, ನಾಡಿ ಮಾಯವಾಗುವವರೆಗೆ ಗಾಳಿ ತುಂಬುವ ಉಪಾಯ ಮಾಡಿದ. ಇದರಿಂದ ಮೇಲಿನ ಒತ್ತಡ ಮಾತ್ರ ತಿಳಿಯುತ್ತಿತ್ತು. 1905ರಲ್ಲಿ ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿದ. ಗಾಳಿ ಇಳಿಸುತ್ತ ಬಂದಂತೆ ರಕ್ತ ಇಕ್ಕಟ್ಟಿನಲ್ಲಿ ನುಗ್ಗುವ 'ಟಪ್ ಟಪ್' ಸದ್ದು ಶುರುವಾಗುವುದು ಮೇಲಿನ ಅಂಕಿ, ಸದ್ದು ನಿಲ್ಲುವುದು ಕೆಳಗಿನ ಅಂಕಿ. ಈ ಮಹಾಶೋಧದ ವರದಿ ಒಂದು ಪುಟವನ್ನೂ ತುಂಬಲಿಲ್ಲ.

ವಿಜಯನಗರದ ಔಷಧಿ ಅಂಗಡಿಯಲ್ಲಿ ಇಂದು ಬಿ.ಪಿ. ಯಂತ್ರ ಕೊಂಡು ಮನೆಯಲ್ಲೇ ನೋಡಿಕೊಳ್ಳುವವರು ಅನೇಕರು. ಬೆಳಗಿನ ನಡಿಗೆಯವರಿಗಾಗಿ ಪಾರ್ಕಿನ ಬಾಗಿಲಲ್ಲಿ ಮೇಜು ಹಾಕಿ ಉಚಿತವಾಗಿ ನೋಡುವವರೂ ಉಂಟು. ಅಂಕಿ ತಪ್ಪು ಬರಲು ಬೇಕಾದ ಎಲ್ಲ ಅನುಕೂಲಗಳೂ ಅಲ್ಲಿರುತ್ತವೆ. ನಡೆದು ಬಂದ ಕೂಡಲೇ ನೋಡಬಾರದು, ಐದು ನಿಮಿಷ ಕೂತಿರಬೇಕು. ಬೆನ್ನಿಗೆ ಆಸರೆ ಇರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು, ತೋಳು ಎದೆಯ ಮಟ್ಟದಲ್ಲಿರಬೇಕು, ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಸುತ್ತಬಾರದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಅಳೆಯುವಾಗ ಮಾತಾಡಿದರೂ ಏರುತ್ತದೆ. ಪಾರ್ಕಿನ ಮೇಜಿನ ಮುಂದೆ ಮಾತಾಡದೆ ಕೂರುವವರು ಯಾರು? ಆಸ್ಪತ್ರೆಯ ವಾಸನೆಗೇ ಕೆಲವರ ಒತ್ತಡ ಏರುವುದರಿಂದ, ಒಂದೇ ಸಲದ ಅಂಕಿ ನೋಡಿ ಜೀವನಪರ್ಯಂತ ಮಾತ್ರೆ ನುಂಗುವ ತೀರ್ಮಾನ ಸರಿಯಲ್ಲ. ಬೇರೆ ಬೇರೆ ದಿನ ನೋಡಿ, 140/90ರ ಮೇಲೆಯೇ ನಿಂತಿದ್ದರೆ ಮಾತ್ರ ಅದು ಅಧಿಕ ರಕ್ತದೊತ್ತಡ ಎಂಬುದು ಇಲ್ಲಿ ರೂಢಿಯಲ್ಲಿರುವ ಕ್ರಮ.

ಗಡಿಗೆ ತಟ್ಟುವ ವಿದ್ಯೆ

ಅಂಕಿಗಳ ಜೊತೆಗೆ ದೇಹಪರೀಕ್ಷೆಯೂ ದಾದಿಯ ಪಾಠದಲ್ಲಿದೆ. ನೋಡು, ಮುಟ್ಟು, ತಟ್ಟು, ಆಲಿಸು ಎಂಬ ನಾಲ್ಕು ಹಂತ. ತಟ್ಟಿ ನೋಡುವುದನ್ನು 1761ರಲ್ಲಿ ಬರೆದಿಟ್ಟ ಆಸ್ಟ್ರಿಯಾದ ಲಿಯೊಪೋಲ್ಡ್ ಆವೆನ್‌ಬ್ರುಗರ್ ವಸತಿಗೃಹ ನಡೆಸುವವನೊಬ್ಬನ ಮಗ. ಪೀಪಾಯಿಯಲ್ಲಿ ದ್ರಾಕ್ಷಾರಸ ಎಷ್ಟಿದೆ ಎಂದು ತಟ್ಟಿ ತಿಳಿಯುವುದನ್ನು ಕಂಡವನು ಎದೆಯನ್ನೂ ತಟ್ಟಿದ ಎನ್ನುತ್ತಾರೆ. ಸಂತೆಯಲ್ಲಿ ಗಡಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೊಳ್ಳುವವರಿಗೆ, ಹಲಸು ಹಣ್ಣಾಗಿದೆಯೇ ಎಂದು ತಟ್ಟಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಳಿ ತುಂಬಿದ ಶ್ವಾಸಕೋಶ ಡೋಲಿನಂತೆ ನುಡಿಯುತ್ತದೆ, ನೀರು ತುಂಬಿದ್ದು ಮೊದ್ದಾಗಿ ನುಡಿಯುತ್ತದೆ. ಹೊಟ್ಟೆಯ ವಿಷಯದಲ್ಲಿ ಮಾತ್ರ ಕ್ರಮ ಬದಲು. ನೋಡಿದ ಮೇಲೆ ಮೊದಲು ಆಲಿಸಬೇಕು, ಆಮೇಲೆ ತಟ್ಟಿ ಮುಟ್ಟಬೇಕು. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗುತ್ತದೆ.

ನೋವನ್ನು ಐದನೆಯ ಜೀವಲಕ್ಷಣ ಎಂದು ಕರೆಯಬೇಕೆಂಬ ಚಳವಳಿ 1990ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಎದ್ದಿತು. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡುವುದು ರೂಢಿಯಾಯಿತು. ಅಂಕ ಇಳಿಸುವ ಭರದಲ್ಲಿ ಅಫೀಮು ಜಾತಿಯ ಮಾತ್ರೆಗಳು ಅತಿಯಾದವು ಎಂಬ ಟೀಕೆ ಬಂದು, 2016ರಲ್ಲಿ ಅಲ್ಲಿನ ವೈದ್ಯರ ಸಂಘವೇ ಆ ಹೆಸರನ್ನು ಕೈಬಿಡಬೇಕೆಂದಿತು. ನಮ್ಮ ವಾರ್ಡುಗಳಲ್ಲಿ ತೊಡಕು ಬೇರೆಯೇ. 'ಹತ್ತಕ್ಕೆ ಎಷ್ಟು?' ಎಂದು ಕೇಳಿದರೆ ಮಾಗಡಿ ರಸ್ತೆಯ ಕಡೆಯಿಂದ ಬಂದ ಅಜ್ಜಿ ಅಂಕ ಕೊಡುವುದಿಲ್ಲ. 'ಉರಿ' ಎನ್ನುತ್ತಾಳೆ, 'ಹಿಂಡಿದಂಗಾಗುತ್ತೆ' ಎನ್ನುತ್ತಾಳೆ, 'ಚುಚ್ಚುತ್ತೆ', 'ಸೆಳೀತದೆ', 'ಜುಮು ಜುಮು ಅಂತದೆ' ಎನ್ನುತ್ತಾಳೆ. ಈ ಒಂದೊಂದು ಪದವೂ ಹತ್ತರೊಳಗಿನ ಯಾವ ಅಂಕಿಗಿಂತಲೂ ಹೆಚ್ಚು ಹೇಳುತ್ತದೆ. ಎದೆ ಹಿಂಡಿದಂತಾಗುವುದಕ್ಕೂ ಉಸಿರೆಳೆದಾಗ ಚುಚ್ಚುವುದಕ್ಕೂ ಕಾರಣಗಳು ಬೇರೆ. ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದು ಇಂಗ್ಲಿಷಿನಲ್ಲಿ ಓದುವ ಹುಡುಗಿಯರು ಅನೇಕರು. ಅವರು 'ನೋವು ಇದೆಯಾ?' ಎಂಬುದನ್ನು ಬೇಗ ಕಲಿಯುತ್ತಾರೆ. 'ಜುಮು ಜುಮು' ಕಲಿಯಲು ಕಾಲ ಬೇಕು. ಭಾಷೆಯನ್ನು ದೇಹಪರೀಕ್ಷೆಯ ಭಾಗವೆಂದು ಪಠ್ಯಕ್ರಮದಲ್ಲಿ ಗಂಭೀರವಾಗಿ ಸೇರಿಸಿದರೆ ತಪ್ಪೇನೂ ಇಲ್ಲ.

ಎಣಿಸದೆ ಬರೆಯುವ ಅಂಕಿ

ಮೊದಲಲ್ಲಿ ಹೇಳಿದ, ಎಣಿಸದೆ ಬರೆಯುವ ಅಂಕಿ ಉಸಿರಿನದು. ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಹಲವು ದೇಶಗಳಲ್ಲಿ ರೋಗಿಗಳ ಚಾರ್ಟುಗಳನ್ನು ತೆಗೆದು ನೋಡಿದವರಿಗೆ ಸಾಲು ಸಾಲಾಗಿ 18, 20, 18, 20 ಎಂದೇ ಕಂಡಿದೆ. ಇಡೀ ವಾರ್ಡೇ ತಾಳ ಹಾಕಿ ಉಸಿರಾಡುತ್ತಿರುವಂತೆ! ಕಾರಣ ಹುಡುಕಲು ಕಷ್ಟಪಡಬೇಕಿಲ್ಲ. ಉಷ್ಣತೆಗೆ, ಒತ್ತಡಕ್ಕೆ, ನಾಡಿಗೆ ಯಂತ್ರ ಬಂದಿದೆ. ಸಾಮಾನ್ಯ ವಾರ್ಡಿನಲ್ಲಿ ಉಸಿರಿಗೆ ಕಣ್ಣು ಮತ್ತು ವಾಚು ಬಿಟ್ಟರೆ ಬೇರೆ ಸಾಧನವಿಲ್ಲ. ಪೂರ್ತಿ ಒಂದು ನಿಮಿಷ ನಿಂತು ನೋಡಬೇಕು. ಒಬ್ಬ ದಾದಿಯ ಪಾಲಿಗೆ 30 ರೋಗಿಗಳಿದ್ದರೆ ಉಸಿರು ಎಣಿಸಲೆಂದೇ ಅರ್ಧ ಗಂಟೆ. ನಾಲ್ಕನ್ನೂ ಸರಿಯಾಗಿ ನೋಡಲು ತಲಾ ಐದು ನಿಮಿಷ ಎಂದರೂ ಎರಡೂವರೆ ಗಂಟೆ. ಅದರ ನಡುವೆ ಚುಚ್ಚುಮದ್ದು, ಡ್ರಿಪ್ಪು, ಡ್ರೆಸ್ಸಿಂಗು, ಬಂಧುಗಳ ಪ್ರಶ್ನೆ, ಡಾಕ್ಟರ ರೌಂಡ್ಸು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿ, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬಳು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅದು ಕಾಗದದಲ್ಲಿದ್ದಷ್ಟು ವಾರ್ಡಿನಲ್ಲಿಲ್ಲ ಎಂಬುದನ್ನು ರೋಗಿಯ ಜೊತೆ ಒಂದು ರಾತ್ರಿ ಕಳೆದ ಯಾರೂ ಬಲ್ಲರು. ಸುಳ್ಳು ಅಂಕಿಗೆ ದಾದಿಯನ್ನು ಬೈಯುವವರು ಈ ಗುಣಾಕಾರವನ್ನು ಮೊದಲು ಮಾಡಬೇಕು.

ಆದರೆ ಕಳೆದುಹೋಗುವುದು ಸಣ್ಣದಲ್ಲ. ದೇಹ ಹದಗೆಡುವಾಗ ಮೊದಲು ಬದಲಾಗುವ ಲಕ್ಷಣಗಳಲ್ಲಿ ಉಸಿರು ಮುಂಚೂಣಿಯಲ್ಲಿದೆ. ಸೋಂಕು ರಕ್ತಕ್ಕೆ ಹರಡಿದರೂ, ಆಮ್ಲಜನಕ ಸಾಲದೆ ಹೋದರೂ, ಸಕ್ಕರೆ ಕಾಯಿಲೆ ಕೈಮೀರಿ ರಕ್ತ ಆಮ್ಲೀಯವಾದರೂ ದೇಹ ಉಸಿರಿನ ವೇಗವನ್ನು ಹೆಚ್ಚಿಸಿ ಸರಿದೂಗಿಸಲು ನೋಡುತ್ತದೆ. ರಕ್ತದೊತ್ತಡ ಕುಸಿಯುವುದು ಅನೇಕ ಸಲ ಎಲ್ಲ ಮುಗಿಯುತ್ತ ಬಂದ ಮೇಲೆ. ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಸ್ಪತ್ರೆಯಲ್ಲಿ ಇದ್ದಾಗಲೇ ಹೃದಯ ನಿಂತ 64 ರೋಗಿಗಳ ದಾಖಲೆ ನೋಡಲಾಯಿತು. ಶೇಕಡಾ 84 ಮಂದಿಯಲ್ಲಿ ಅದಕ್ಕೆ ಹಿಂದಿನ ಎಂಟು ಗಂಟೆಗಳೊಳಗೆ ಸ್ಥಿತಿ ಹದಗೆಟ್ಟದ್ದರ ಗುರುತುಗಳು ದಾಖಲಾಗಿದ್ದವು. ಹೃದಯ ದಿಢೀರನೆ ನಿಲ್ಲಲಿಲ್ಲ, ನೋಡಿದವರು ಕಡಿಮೆ ಎಂದಾಯಿತು. ಇಂಥ ಅಧ್ಯಯನಗಳ ಹಿನ್ನೆಲೆಯಲ್ಲಿ ಬ್ರಿಟನ್ನಿನ ವೈದ್ಯರ ರಾಯಲ್ ಕಾಲೇಜು 2012ರಲ್ಲಿ ಒಂದು ಅಂಕಪದ್ಧತಿ ತಂದಿತು. ಪ್ರತಿ ಲಕ್ಷಣಕ್ಕೂ ಅದು ಸಹಜದಿಂದ ಎಷ್ಟು ದೂರ ಸರಿದಿದೆಯೋ ಅಷ್ಟು ಅಂಕ. ಉಸಿರು 21ರಿಂದ 24 ಇದ್ದರೆ ಎರಡು ಅಂಕ, 25 ಮುಟ್ಟಿದರೆ ಮೂರು. ಒಟ್ಟು ಐದಾದರೆ ವೈದ್ಯರನ್ನು ತುರ್ತಾಗಿ ಕರೆಯಬೇಕು, ಏಳಾದರೆ ತೀವ್ರ ನಿಗಾ ತಂಡವೇ ಬರಬೇಕು. ಎಣಿಸದೆ 18 ಬರೆದರೆ ಸೊನ್ನೆ ಅಂಕ ಎಂಬುದನ್ನು ಇಲ್ಲಿ ನೆನೆಯಬೇಕು.

ಕೋವಿಡ್ ಕಾಲ ಇದನ್ನೇ ಮನೆ ಮನೆಗೆ ತಂದಿತು. 1974ರಲ್ಲಿ ಜಪಾನಿನ ಟಕುವೊ ಅಯೊಯಾಗಿ ರೂಪಿಸಿದ ತತ್ತ್ವದ ಮೇಲೆ ನಡೆಯುವ ಪಲ್ಸ್ ಆಕ್ಸಿಮೀಟರ್ 2020 ಮತ್ತು 2021ರಲ್ಲಿ ಬಸವೇಶ್ವರನಗರದ ಎಷ್ಟೋ ಮನೆಗಳ ಕಪಾಟು ಸೇರಿತು. 94ಕ್ಕಿಂತ ಇಳಿದರೆ ಆಸ್ಪತ್ರೆ ಎಂಬ ಸೂತ್ರ ಅಕ್ಷರ ಬಾರದವರಿಗೂ ಬಾಯಿಪಾಠವಾಯಿತು. ಉಗುರುಬಣ್ಣ ಇದ್ದರೆ, ಬೆರಳು ತಣ್ಣಗಿದ್ದರೆ ಅದು ತಪ್ಪು ಹೇಳುತ್ತದೆ. ಕಪ್ಪು ಮೈಬಣ್ಣದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆ ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಎಚ್ಚರಿಸಿತು. ನಮ್ಮಂಥ ದೇಶದಲ್ಲಿ ಈ ಎಚ್ಚರಿಕೆಗೆ ಸಿಗಬೇಕಾದಷ್ಟು ಪ್ರಚಾರ ಸಿಗಲಿಲ್ಲ. ಅಂಕಿ 96 ಇದ್ದು, ರೋಗಿ ಎರಡು ಮಾತಿಗೊಮ್ಮೆ ಏದುಸಿರು ಬಿಡುತ್ತಿದ್ದರೆ ನಂಬಬೇಕಾದದ್ದು ಏದುಸಿರನ್ನು.

ಉಸಿರು ಎಣಿಸುವುದರಲ್ಲಿ ದಾದಿಯರ ನಡುವೆ ಸಾಗಿ ಬಂದಿರುವ ಒಂದು ಸಣ್ಣ ಉಪಾಯವಿದೆ. 'ನಿಮ್ಮ ಉಸಿರು ಎಣಿಸುತ್ತೇನೆ' ಎಂದು ರೋಗಿಗೆ ಹೇಳಕೂಡದು. ಹೇಳಿದ ಕ್ಷಣದಿಂದ ಉಸಿರು ಬದಲಾಗುತ್ತದೆ. ಓದುಗರು ಈಗಲೇ ತಮ್ಮ ಉಸಿರನ್ನು ಗಮನಿಸಿದರೆ ಇದು ತಿಳಿಯುತ್ತದೆ. ಹಾಗಾಗಿ ನಾಡಿ ಎಣಿಸಿದ ಮೇಲೂ ದಾದಿ ಬೆರಳು ತೆಗೆಯುವುದಿಲ್ಲ. ಮಣಿಕಟ್ಟನ್ನು ಹಿಡಿದಂತೆಯೇ, ವಾಚು ನೋಡುತ್ತಲೇ, ಓರೆಗಣ್ಣಿನಿಂದ ಎದೆಯ ಏರಿಳಿತವನ್ನು ಎಣಿಸುತ್ತಾಳೆ. ರೋಗಿ ತನ್ನ ನಾಡಿಯನ್ನು ನೋಡುತ್ತಿದ್ದಾಳೆ ಎಂದುಕೊಂಡಿರುತ್ತಾನೆ.

ಯಾವ ಯಂತ್ರವೂ ಇಲ್ಲದೆ ಈ ಎಣಿಕೆ ಎಷ್ಟು ಜೀವ ಉಳಿಸಬಹುದು ಎಂಬುದನ್ನು ತೋರಿಸಿದ್ದು ದೊಡ್ಡ ಆಸ್ಪತ್ರೆಗಳಲ್ಲ. 1980ರ ದಶಕದಲ್ಲಿ ಪಪುವಾ ನ್ಯೂಗಿನಿಯ ಗುಡ್ಡಗಾಡಿನಲ್ಲಿ ಕೆಲಸ ಮಾಡಿದ ಫ್ರಾಂಕ್ ಶಾನ್ ಎಂಬ ಮಕ್ಕಳ ವೈದ್ಯ, ಎಕ್ಸ್‌ರೇ ಇಲ್ಲದೆ ನ್ಯುಮೋನಿಯಾ ಹಿಡಿಯಲು ಉಸಿರಿನ ವೇಗವೇ ಸಾಕಷ್ಟು ನಂಬಬಹುದಾದ ಗುರುತು ಎಂದು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಸೂತ್ರವಾಗಿಸಿತು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳಿನ ಮಗುವಿಗೆ 50, ಒಂದರಿಂದ ಐದು ವರ್ಷದವರಿಗೆ 40; ಇಷ್ಟು ಮುಟ್ಟಿದರೆ ಅದು ವೇಗದ ಉಸಿರು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ಇದನ್ನು ಕಲಿಸಿದರು. ನೂರರವರೆಗೆ ಎಣಿಸಲು ಬಾರದವರಿಗೆ ಮಣಿಗಳ ಸಾಲು, ಒಂದು ನಿಮಿಷದ ಮರಳುಗಡಿಯಾರ. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು, ಮರಳು ಮುಗಿಯುವುದರೊಳಗೆ ಕೆಂಪು ಮಣಿ ಬಂದರೆ ಅಪಾಯ. ಅವರ ನವಜಾತ ಶಿಶು ಆರೈಕೆಯ ಅನುಭವ ಮುಂದೆ ಇಡೀ ದೇಶದ ಆಶಾ ಕಾರ್ಯಕರ್ತೆಯರ ಕೆಲಸದ ಭಾಗವಾಯಿತು.

ಇದಕ್ಕೂ ರಾಜಾಜಿನಗರಕ್ಕೂ ಏನು ಸಂಬಂಧ ಎಂದರೆ, ಈ ಬಡಾವಣೆಯೇ ಕಾರ್ಮಿಕರ ಉಸಿರಿನ ಮೇಲೆ ನಿಂತದ್ದು. 1949ರಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರಿನಲ್ಲಿ ಎದ್ದ ಕೈಗಾರಿಕಾ ಉಪನಗರ ಇದು. ಕಾರ್ಮಿಕರ ರಾಜ್ಯ ವಿಮಾ ಯೋಜನೆ 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಗಿ 1958ರಲ್ಲಿ ಬೆಂಗಳೂರಿಗೆ ಬಂತು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಪೀಣ್ಯದ ಲೇತ್ ಯಂತ್ರದವರಿಗೂ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೂ ಚಿರಪರಿಚಿತ. ಹತ್ತಿಯ ಧೂಳು, ಕಬ್ಬಿಣದ ಧೂಳು, ಊದುಬತ್ತಿಯ ಪುಡಿ ಇವುಗಳ ನಡುವೆ ದುಡಿಯುವವರಿಗೆ ಉಸಿರಿನ ಲೆಕ್ಕ ಪಠ್ಯಪುಸ್ತಕದ ವಿಷಯವಲ್ಲ. ಅಂಥವರ ಮಕ್ಕಳು ಬೆಳೆಯುವ ಬಾಡಿಗೆ ಮನೆಗಳಿಗೆ, ಕೆಂಗೇರಿಯ ಆಚೆಯ ಹೊಸ ಬಡಾವಣೆಗಳಿಗೆ, ಇಂದು ಹೋಗುವುದು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನಲವತ್ತೆರಡು ದಿನಗಳಲ್ಲಿ ಆರು ಸಲ ನೋಡಬೇಕು ಎಂಬುದು ನಿಯಮ. ಕೆಮ್ಮುವ ಮಗು ಅಳುತ್ತಿದ್ದರೆ ಎಣಿಸಲಾಗದು; ಹಾಲು ಕುಡಿದು ಮಲಗುವವರೆಗೆ ಕಾಯಬೇಕು. ಅಂಗಿ ಮೇಲೆತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿ, ವಾಚು ನೋಡುತ್ತ ಹೊಟ್ಟೆಯ ಏರಿಳಿತ ಎಣಿಸಬೇಕು. ತಾಯಿ ಮಧ್ಯೆ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿನಿಂದ. ಎರಡು ತಿಂಗಳೊಳಗಿನ ಕೂಸಿನಲ್ಲಿ ಅರುವತ್ತು ಮುಟ್ಟಿದರೆ ಇನ್ನೊಮ್ಮೆ ಎಣಿಸಬೇಕು. ಎರಡನೆಯ ಸಲವೂ ಅಷ್ಟೇ ಬಂದರೆ, ಅಥವಾ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಕಷಾಯ, ವಿಕ್ಸ್, ದೃಷ್ಟಿ ತೆಗೆಯುವುದು ಎಲ್ಲವನ್ನೂ ಬದಿಗಿಟ್ಟು ಆಟೋ ಕರೆಯಬೇಕು. ಅವಳ ನೋಟುಪುಸ್ತಕದಲ್ಲಿ ಆ ಅಂಕಿಯ ಪಕ್ಕದಲ್ಲಿ ಹೊತ್ತು ಕೂಡ ಬರೆದಿರಬೇಕು, ಏಕೆಂದರೆ ಆಸ್ಪತ್ರೆಯ ದಾದಿ ಮೊದಲು ಕೇಳುವುದು ಅದನ್ನೇ.